ಪಂಪು ತಿರುಗಿದರೆ ಸಾಲದು

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಹೊರಗಿನ ಉಷ್ಣತೆ 42 ಡಿಗ್ರಿ ಮುಟ್ಟುವುದು ಯಾರಿಗೂ ಸುದ್ದಿಯಲ್ಲ. ಆರ್‌ಸಿಸಿ ಚಾವಣಿಯ ಕೆಳಗಿನ ಕೋಣೆ ಮಧ್ಯಾಹ್ನದ ಹೊತ್ತು 38 ಡಿಗ್ರಿಯಲ್ಲಿ ನಿಂತರೆ ಅದೇ ದೊಡ್ಡ ಸಮಾಧಾನ. ಇಂಥ ಕೋಣೆಯಲ್ಲಿ ವಿಡಿಯೊ ಎಡಿಟಿಂಗ್, ಕಟ್ಟಡಗಳ 3ಡಿ ರೆಂಡರಿಂಗ್, ಎಐ ಮಾದರಿಗಳ ತರಬೇತಿ ಎಂದು ಗಂಟೆಗಟ್ಟಲೆ ಯಂತ್ರ ದುಡಿಸುವವರ ಕಣ್ಣು ಕಸ್ಟಮ್ ವಾಟರ್ ಕೂಲಿಂಗ್ ಮೇಲೆ ಬೀಳುವುದು ಸಹಜ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಮೈಗೆ ಅಂಟಿ ಕೂತ ತಾಮ್ರದ ವಾಟರ್ ಬ್ಲಾಕ್, ಅದರ ಬಿಸಿ ಹೊತ್ತೊಯ್ಯುವ ದ್ರವ, ಆ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್, ನಡುವೆ ರಿಸರ್ವಾಯರ್ ಮತ್ತು ಪಂಪು. ಬಿಡಿಭಾಗಗಳನ್ನು ತಾನೇ ಆರಿಸಿ ತಾನೇ ಕಟ್ಟಿಕೊಳ್ಳುವ ಈ ಲೂಪ್ ಕಣ್ಣಿಗೂ ಹಬ್ಬ, ಕೈಗೂ ಕೆಲಸ.

ಈ ಪದ್ಧತಿಯನ್ನು ಮೆಚ್ಚುವವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ: ಎಷ್ಟು ತಂಪಾಗಿಡುತ್ತದೆ, ಎಷ್ಟು ಚೆಂದ ಕಾಣುತ್ತದೆ. ನನ್ನ ಮಟ್ಟಿಗೆ ಮೂರನೆಯ ಪ್ರಶ್ನೆಯೇ ಮುಖ್ಯ. ಹರಿವು ಕುಂದಿದ ದಿನ, ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರೋಡನ್ನೋ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆಯನ್ನೋ ನೆಚ್ಚಿಕೊಂಡ ಕಲಬುರಗಿಯ ಬಳಕೆದಾರ ತನ್ನ ಕೋಣೆಯಲ್ಲೇ ಕೂತು ಕಾರಣ ಹುಡುಕಬಲ್ಲನೇ? ಹುಡುಕಬಲ್ಲನಾದರೆ ಆ ಲೂಪ್ ಒಳ್ಳೆಯದು. ಇಲ್ಲವಾದರೆ ಅದರ ಚೆಂದವೂ ತಂಪೂ ಸಾಲದ ಮೇಲೆ ತಂದದ್ದು.

ಮೊದಲು ದೂರನ್ನೇ ಪರೀಕ್ಷಿಸೋಣ. ಬೇಸಿಗೆಯಲ್ಲಿ ಹೆಚ್ಚು ಕೇಳಿಬರುವ ದೂರು ಇದು: ಡಿಸೆಂಬರಿನಲ್ಲಿ ಪ್ರೊಸೆಸರ್ 69 ಡಿಗ್ರಿಯಲ್ಲಿತ್ತು, ಈಗ 85 ತೋರಿಸುತ್ತಿದೆ, ಹರಿವು ನಿಂತಿರಬೇಕು. ಲೆಕ್ಕ ಹಾಕಿ ನೋಡಿ. ಡಿಸೆಂಬರಿನಲ್ಲಿ ಕೋಣೆ 22 ಡಿಗ್ರಿ, ದ್ರವ 34, ಪ್ರೊಸೆಸರ್ 69. ಮೇ ತಿಂಗಳಲ್ಲಿ ಕೋಣೆ 38, ದ್ರವ 50, ಪ್ರೊಸೆಸರ್ 85. ಕೋಣೆಗೂ ದ್ರವಕ್ಕೂ ನಡುವಿನ ಅಂತರ ಎರಡೂ ಸಲ 12, ದ್ರವಕ್ಕೂ ಚಿಪ್ಪಿಗೂ ನಡುವಿನ ಅಂತರ ಎರಡೂ ಸಲ 35. ಯಂತ್ರದಲ್ಲಿ ಏನೂ ಕೆಟ್ಟಿಲ್ಲ, ಋತು ಬದಲಾಗಿದೆ ಅಷ್ಟೆ. ರೇಡಿಯೇಟರ್ ಯಾವ ಕಾಲಕ್ಕೂ ದ್ರವವನ್ನು ತನ್ನೊಳಗೆ ನುಗ್ಗುವ ಗಾಳಿಗಿಂತ ತಣ್ಣಗೆ ಮಾಡಲಾರದು. ಈ ಒಂದು ಸತ್ಯ ಗೊತ್ತಿಲ್ಲದೆ ಚೆನ್ನಾಗಿ ಓಡುತ್ತಿದ್ದ ಲೂಪನ್ನು ಬಿಚ್ಚಿ, ಮತ್ತೆ ಜೋಡಿಸುವಾಗ ಗಾಳಿ ತುಂಬಿಸಿಕೊಂಡು, ಇಲ್ಲದ ರೋಗಕ್ಕೆ ಔಷಧ ಕೊಟ್ಟು ಇದ್ದ ಆರೋಗ್ಯ ಕೆಡಿಸಿಕೊಳ್ಳುವವರಿದ್ದಾರೆ.

ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಮೂರು ಅಂಕಿಗಳಿಂದ: ಕೋಣೆಯ ಗಾಳಿ, ದ್ರವ, ಚಿಪ್. ಕೋಣೆ ಮತ್ತು ದ್ರವದ ಅಂತರ ಹಿಂದಿಗಿಂತ ಹಿಗ್ಗಿದ್ದರೆ ರೇಡಿಯೇಟರನ್ನೂ ಫ್ಯಾನುಗಳನ್ನೂ ನೋಡಬೇಕು. ದ್ರವ ಮತ್ತು ಚಿಪ್ಪಿನ ಅಂತರ ಮಾತ್ರ ಹಿಗ್ಗಿದ್ದರೆ ವಾಟರ್ ಬ್ಲಾಕಿನ ಸಂದುಗಳು ಕಟ್ಟಿಕೊಂಡಿವೆ, ಥರ್ಮಲ್ ಪೇಸ್ಟ್ ಒಣಗಿದೆ, ಅಥವಾ ಬ್ಲಾಕ್ ಸರಿಯಾಗಿ ಕೂತಿಲ್ಲ. ಹರಿವು ಪೂರ್ತಿ ನಿಂತಿದ್ದರಂತೂ ಚಿತ್ರವೇ ಬೇರೆ. ರಿಸರ್ವಾಯರ್ ತಣ್ಣಗಿರುತ್ತದೆ, ಚಿಪ್ ನೋಡನೋಡುತ್ತಲೇ 100 ಡಿಗ್ರಿಯ ಹತ್ತಿರ ಏರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇಲ್ಲವೇ ಯಂತ್ರ ಆಫ್ ಆಗುತ್ತದೆ. ದ್ರವ ತಣ್ಣಗಿದೆ ಎಂಬ ನೆಮ್ಮದಿಯೇ ಇಲ್ಲಿ ಅಪಾಯದ ಗುರುತು. ಇಷ್ಟನ್ನು ತಿಳಿಯಲು ಬೇಕಾದದ್ದು ಲೂಪಿನಲ್ಲಿ ಒಂದು ಉಷ್ಣತಾ ಸೆನ್ಸರ್, ಗೋಡೆಯ ಮೇಲೊಂದು ಥರ್ಮಾಮೀಟರ್. ಬಣ್ಣದ ದೀಪಗಳಿಗೆ ಸಾವಿರಾರು ರೂಪಾಯಿ ಸುರಿದು ಈ ಎರಡನ್ನು ಬಿಟ್ಟ ಲೂಪುಗಳೇ ಹೆಚ್ಚು ಕಾಣುತ್ತವೆ. ಈ ಪದ್ಧತಿಯ ಮೇಲೆ ನನ್ನ ಮೊದಲ ಆಕ್ಷೇಪ ಅದೇ.

ಎರಡನೆಯ ಆಕ್ಷೇಪ ಹರಿವಿನ ಬಗೆಗಿನ ಅತಿಮೋಹದ ಮೇಲೆ. ಹೆಚ್ಚು ಹರಿದಷ್ಟೂ ಹೆಚ್ಚು ತಂಪು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ನೀರಿನ ಉಷ್ಣಧಾರಣೆ ಕಿಲೋಗ್ರಾಮಿಗೆ ಪ್ರತಿ ಡಿಗ್ರಿಗೆ ಸುಮಾರು 4.18 ಕಿಲೋಜೂಲ್. ನಿಮಿಷಕ್ಕೆ ಒಂದು ಲೀಟರ್ ಹರಿಯುವ ಲೂಪಿಗೆ 600 ವ್ಯಾಟ್ ಬಿಸಿ ಸೇರಿದರೆ ಒಂದು ಸುತ್ತಿನಲ್ಲಿ ದ್ರವ ಏರುವುದು ಸುಮಾರು 8.6 ಡಿಗ್ರಿ. ಹರಿವು ಎರಡು ಲೀಟರ್ ಆದರೆ 4.3, ನಾಲ್ಕು ಲೀಟರ್ ಆದರೆ 2.15. ಒಂದರಿಂದ ಎರಡಕ್ಕೆ ಹೋದಾಗ ಸಿಕ್ಕ ಲಾಭದ ಅರ್ಧ ಮಾತ್ರ ಎರಡರಿಂದ ನಾಲ್ಕಕ್ಕೆ ಹೋದಾಗ ಸಿಕ್ಕಿತು. ನಾಲ್ಕರಿಂದಾಚೆಗೆ ಪಂಪಿನ ಸದ್ದು ಏರುವಷ್ಟು ಬೇಗ ತಂಪು ಏರುವುದಿಲ್ಲ. ಲೂಪಿನಲ್ಲಿ ಯಾವ ಬ್ಲಾಕ್ ಮೊದಲು, ಯಾವುದು ಆಮೇಲೆ ಎಂದು ನಡೆಯುವ ವಾದಗಳಿಗೂ ಇದೇ ಉತ್ತರ. ದ್ರವ ನಿಲ್ಲದೆ ಸುತ್ತುತ್ತಿರುವಾಗ ಲೂಪಿನ ಒಂದು ಕಡೆಗೂ ಇನ್ನೊಂದು ಕಡೆಗೂ ಇರುವ ವ್ಯತ್ಯಾಸ ಕೆಲವೇ ಡಿಗ್ರಿ. ತಪ್ಪಬಾರದ ಕ್ರಮ ಒಂದೇ: ಪಂಪಿನ ಬಾಯಿಗೆ ರಿಸರ್ವಾಯರ್ ನೇರವಾಗಿ ನೀರು ಕೊಡುತ್ತಿರಬೇಕು. ಒಟ್ಟಿನಲ್ಲಿ ಹರಿವು ಸಾಕಷ್ಟು ಇದ್ದರೆ ಸಾಕು. ಆ ಸಾಕು ಎಂಬುದನ್ನು ಅಂದಾಜಿಗೆ ಬಿಡದೆ ಅಳೆಯಬೇಕು.

ಅಳತೆಯ ಮಾತು ಬಂದಾಗ ಕಮಲಾಪುರದ ಕಡೆ ನೋಡಬೇಕು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಈ ಊರು ಕೆಂಪು ಬಾಳೆಗೆ ಹೆಸರಾದದ್ದು. ಆ ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಬಾಳೆ ನೀರು ಬೇಡುವ ಬೆಳೆ. ಹೀಗಾಗಿ ಪಂಪು, ಪೈಪು, ಡ್ರಿಪ್ ಇವುಗಳ ರೋಗಲಕ್ಷಣ ಅಲ್ಲಿನ ತೋಟಗಾರರಿಗೆ ಬಾಯಿಪಾಠ. ‘ಮೋಟ್ರು ತಿರಗ್ಲಾಕತ್ತದ್ರಿ, ನೀರು ಬರವಲ್ದು’ ಎಂಬ ಒಂದು ಸಾಲಿನ ದೂರಿನಲ್ಲಿ ಕಂಪ್ಯೂಟರ್ ಲೂಪಿನ ಅರ್ಧ ತೊಂದರೆಗಳು ಅಡಗಿವೆ. ಮೋಟರ್ ತಿರುಗುವುದು ಬೇರೆ, ನೀರು ಹರಿಯುವುದು ಬೇರೆ. ಮದರ್‌ಬೋರ್ಡ್ ತೋರಿಸುವ ಪಂಪಿನ ಆರ್‌ಪಿಎಂ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಗಾಳಿ ತುಂಬಿದ ಪಂಪು ಹಗುರಾಗಿ ಇನ್ನೂ ಜೋರಾಗಿ ತಿರುಗಬಹುದು. ಪರದೆಯ ಮೇಲಿನ ಅಂಕಿ ಆಗ ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಲೂಪಿನೊಳಗೆ ಹರಿವನ್ನೇ ಅಳೆಯುವ ಫ್ಲೋ ಮೀಟರ್, ಕಡೇಪಕ್ಷ ಕಣ್ಣಿಗೆ ಕಾಣುವ ಒಂದು ತಿರುಗುಚಕ್ರ ಇರಲೇಬೇಕು.

ತೋಟಗಾರ ಹುಡುಕುವ ಕ್ರಮವೂ ಕಲಿಯತಕ್ಕದ್ದು. ಅವನು ಮೊದಲು ಕರೆಂಟು ನೋಡುತ್ತಾನೆ, ಆಮೇಲೆ ಪಂಪಿಗೆ ನೀರು ಸಿಗುತ್ತಿದೆಯೇ ಎಂದು, ಆಮೇಲೆ ಗಾಳಿ ಹಿಡಿದಿದೆಯೇ ಎಂದು, ಕೊನೆಗೆ ಪಂಪಿನ ಕಡೆಯಿಂದ ಒಂದೊಂದೇ ಜಾಯಿಂಟ್ ಬಿಚ್ಚುತ್ತ ನೀರು ಎಲ್ಲಿಯವರೆಗೆ ಬಂದಿದೆ ಎಂದು. ಕಂಪ್ಯೂಟರಿನಲ್ಲಿಯೂ ಹಾಗೆಯೇ ನಡೆಯಬೇಕು. ಪಂಪಿಗೆ ವಿದ್ಯುತ್ ನೇರವಾಗಿ ಎಸ್‌ಎಂಪಿಎಸ್‌ನಿಂದ ಬರುತ್ತಿದೆಯೇ? ಬಯಾಸ್‌ನಲ್ಲಿ ಪಂಪನ್ನು ಫ್ಯಾನಿನಂತೆ ಪರಿಗಣಿಸಿ ಅದರ ವೇಗ ತಗ್ಗಿಸಲಾಗಿದೆಯೇ? ರಿಸರ್ವಾಯರಿನ ಮಟ್ಟ ಪಂಪಿನ ಬಾಯಿಗಿಂತ ಮೇಲಿದೆಯೇ? ಈ ಪಂಪುಗಳು ತಾವಾಗಿ ನೀರು ಸೆಳೆದುಕೊಳ್ಳಲಾರವು, ಒಣಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಗಾಳಿ ಬಿಡಿಸಲು ಮದರ್‌ಬೋರ್ಡಿಗೆ ವಿದ್ಯುತ್ ಕೊಡದೆ, 24 ಪಿನ್ ಕನೆಕ್ಟರಿಗೆ ಜಂಪರ್ ಹಾಕಿ ಪಂಪನ್ನಷ್ಟೇ ಓಡಿಸಿ, ನಿಲ್ಲಿಸಿ, ಕ್ಯಾಬಿನೆಟ್ಟನ್ನು ಎಲ್ಲ ದಿಕ್ಕಿಗೂ ಓರೆ ಮಾಡಿ ಮತ್ತೆ ಓಡಿಸಬೇಕು. ಗಾಳಿ ಹೆಚ್ಚಾಗಿ ಅವಿತು ಕೂರುವುದು ರೇಡಿಯೇಟರಿನ ಮೇಲ್ತುದಿಯಲ್ಲಿ. ಆಮೇಲೆ ಬ್ಲಾಕಿನ ಒಳಬಾಯಿ ಹೊರಬಾಯಿ ಅದಲುಬದಲಾಗಿದೆಯೇ, ಮೃದು ಟ್ಯೂಬು ಎಲ್ಲಾದರೂ ಮಡಚಿದೆಯೇ ಎಂದು ನೋಡಬೇಕು. ಕೊನೆಯ ಹಂತದಲ್ಲಿ ಒಂದೊಂದು ಬ್ಲಾಕನ್ನು ಬದಿಗಿಟ್ಟು, ಅದರ ಜಾಗಕ್ಕೆ ತುಂಡು ಟ್ಯೂಬು ಹಾಕಿ ಪಂಪು ಓಡಿಸಬೇಕು. ಯಾವುದನ್ನು ತೆಗೆದಾಗ ಮೀಟರಿನ ಅಂಕಿ ಜಿಗಿಯಿತೋ ಅಡಚಣೆ ಅಲ್ಲಿದೆ. ಸಂಶಯದ ಮೇಲೆ ಪಂಪನ್ನೇ ಬದಲಿಸುವವರು ಈ ಕ್ರಮ ಹಿಡಿದರೆ ಹಣವೂ ಉಳಿಯುತ್ತದೆ, ಕಾರಣವೂ ಗೊತ್ತಾಗುತ್ತದೆ.

ಒಂದು ಕಡೆ ಮಾತ್ರ ತೋಟದ ಪಂಪಿನ ಅನುಭವ ದಾರಿ ತಪ್ಪಿಸುತ್ತದೆ. ಬೋರ್‌ವೆಲ್ ಮೋಟರ್ ಆಳದಿಂದ ನೀರನ್ನು ಎತ್ತಲೇಬೇಕು. ಪ್ರತಿ ಅಡಿಗೂ ಅದು ಶಕ್ತಿ ತೆರುತ್ತದೆ. ಮುಚ್ಚಿದ ಲೂಪಿನಲ್ಲಿ ಹಾಗಿಲ್ಲ. ಒಮ್ಮೆ ತುಂಬಿದ ಮೇಲೆ ಕೆಳಗಿಳಿಯುವ ನೀರಿನ ತೂಕ ಮೇಲೇರುವ ನೀರಿನ ತೂಕವನ್ನು ಸರಿದೂಗಿಸುತ್ತದೆ. ಪಂಪು ಸೆಣಸಬೇಕಾದದ್ದು ಟ್ಯೂಬು, ಫಿಟಿಂಗು, ಬ್ಲಾಕುಗಳ ಒಳಗಿನ ತಿಕ್ಕಾಟದ ಜೊತೆ ಮಾತ್ರ. ಆದ್ದರಿಂದ ರೇಡಿಯೇಟರ್ ಮೇಲಿದೆ, ಪಂಪಿಗೆ ಭಾರವಾಯಿತು ಎಂಬುದು ತುಂಬುವ ಹೊತ್ತಿಗಷ್ಟೇ ಸಲ್ಲುವ ಮಾತು. ಈ ಕೈಕಸುಬಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಡಿ5 ಪಂಪು ಸುಮಾರು 3.9 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಕೊಡುತ್ತದೆ, ಡಿಡಿಸಿ ಬಗೆಯ ಹಲವು ಪಂಪುಗಳು ಅದಕ್ಕಿಂತ ಹೆಚ್ಚು. ಎರಡು ಬ್ಲಾಕು, ಎರಡು ರೇಡಿಯೇಟರು ಇರುವ ಲೂಪಿಗೆ ಇಷ್ಟು ಸಾಕು. ಸಾಲದಾದರೆ ಪಂಪನ್ನು ದೂರುವ ಮುನ್ನ ಅಡಚಣೆ ಹುಡುಕಬೇಕು.

ಅಡಚಣೆ ಬರುವುದೆಲ್ಲಿಂದ? ಕಲಬುರಗಿಯವರು ಮೊದಲು ಬೆರಳು ತೋರಿಸುವುದು ಗಡಸು ನೀರಿನ ಕಡೆಗೆ. ಏರ್ ಕೂಲರಿನ ಹುಲ್ಲಿನ ಮೇಲೆ ಒಂದೇ ಬೇಸಿಗೆಯಲ್ಲಿ ಬಿಳಿಯ ಹೆಪ್ಪು ಕಟ್ಟುವುದನ್ನು ಕಂಡವರಿಗೆ ಈ ಅನುಮಾನ ಸಹಜವೇ. ಆದರೆ ಕೂಲರಿನಲ್ಲಿ ನೀರು ದಿನವೂ ಆವಿಯಾಗಿ ಹೊಸ ನೀರು ಸೇರುತ್ತದೆ, ಪ್ರತಿ ಬಕೆಟ್ಟೂ ತನ್ನ ಸುಣ್ಣವನ್ನು ಬಿಟ್ಟುಹೋಗುತ್ತದೆ. ಮುಚ್ಚಿದ ಲೂಪಿನಲ್ಲಿ ಒಂದು ಲೀಟರ್ ನೀರಿಗೆ 500 ಮಿಲಿಗ್ರಾಂ ಗಡಸುತನ ಇದ್ದರೂ ಒಟ್ಟು ಸಿಗುವುದು ಅರ್ಧ ಗ್ರಾಂ. ಅಷ್ಟೂ ಅರ್ಧ ಮಿಲಿಮೀಟರಿಗಿಂತ ಕಿರಿದಾದ ಬ್ಲಾಕಿನ ಸಂದುಗಳಲ್ಲೇ ಕೂರಬೇಕೆಂದಿಲ್ಲ. ಬೋರ್ ನೀರಿನ ದೊಡ್ಡ ಕೇಡು ಅದರಲ್ಲಿ ಕರಗಿದ ಲವಣಗಳು ಲೋಹವನ್ನು ತಿನ್ನುವುದರಲ್ಲಿದೆ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಿದರಂತೂ ಅಲ್ಯೂಮಿನಿಯಂ ಸವೆದು, ಅದರ ಪುಡಿಯೇ ಸಂದುಗಳಿಗೆ ಹೋಗಿ ಕೂರುತ್ತದೆ. ಅಗ್ಗದ ಕಿಟ್ ಕೊಳ್ಳುವವರು ನೋಡಬೇಕಾದ ಮೊದಲ ವಿಷಯ ಇದು.

ಯಾವ ನೀರು ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಊರಲ್ಲೇ ಇದೆ. ಇನ್ವರ್ಟರ್ ಬ್ಯಾಟರಿಗೆಂದು ಅಂಗಡಿಗಳಲ್ಲಿ ಮಾರುವ ಬ್ಯಾಟರಿ ನೀರು ಲವಣ ತೆಗೆದ ನೀರು. ಕುಡಿಯುವ ಆರ್‌ಓ ನೀರಿನಲ್ಲಿ ಲವಣ ಕಡಿಮೆಯಾಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಕರಗಿದ ಲವಣವನ್ನು ಅಳೆಯುವ, ಕೈಗೆಟಕುವ ಬೆಲೆಯ ಟಿಡಿಎಸ್ ಮೀಟರನ್ನು ಅದ್ದಿ ನೋಡಿದರೆ ಯಾವ ಕ್ಯಾನು ಒಳ್ಳೆಯದೆಂದು ಅಲ್ಲೇ ಗೊತ್ತಾಗುತ್ತದೆ. ಆ ನೀರಿಗೆ ತುಕ್ಕು ಮತ್ತು ಪಾಚಿ ತಡೆಯುವ, ಕಂಪ್ಯೂಟರ್ ಲೂಪಿಗೆಂದೇ ತಯಾರಾದ ಸಾಂದ್ರ ದ್ರಾವಣ ಬೆರೆಸಿದರೆ ಕೆಲಸ ಮುಗಿಯಿತು. ಕಾರಿನ ಕೂಲಂಟನ್ನು ಹಾಗೆಯೇ ಸುರಿಯುವುದು ಬೇಡ. ಗ್ಲೈಕಾಲ್ ಹೆಚ್ಚಿದಷ್ಟೂ ದ್ರವ ಮಂದವಾಗಿ ಹರಿವು ಕುಂದುತ್ತದೆ, ಬಿಸಿ ಹೊರುವ ಶಕ್ತಿಯೂ ತಗ್ಗುತ್ತದೆ. ಸ್ಪಿರಿಟ್ ಹಾಕಿ ತೊಳೆಯುವುದೂ ಬೇಡ. ಆಲ್ಕೋಹಾಲ್ ತಾಗಿದ ಅಕ್ರಿಲಿಕ್ ಬಿರುಕು ಬಿಡುತ್ತದೆ.

ಇನ್ನು ಹಾಲಿನಂತೆ ಗಟ್ಟಿ ಬಣ್ಣದ, ಅಪಾರದರ್ಶಕ ಕೂಲಂಟುಗಳು. ಪ್ರದರ್ಶನಕ್ಕೆ ಇವು ಸುಂದರ. ದಿನಬಳಕೆಗೆ ಇವನ್ನು ನಾನು ಒಪ್ಪಲಾರೆ. ಅವುಗಳ ಬಣ್ಣ ಬರುವುದೇ ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ. ಆ ಕಣಗಳು ಕಾಲಕ್ರಮೇಣ ಕೂರುತ್ತವೆ, ಕೂರುವುದು ಸಂದು ಕಿರಿದಾದ ಕಡೆಯಲ್ಲೇ. ಮೃದು ಪಿವಿಸಿ ಟ್ಯೂಬಿನಿಂದ ಹೊರಬರುವ ಅಂಟು ಪದಾರ್ಥವೂ ಹೀಗೇ ಬ್ಲಾಕಿನಲ್ಲಿ ಬೆಳ್ಳಗೆ ಸೇರಿಕೊಳ್ಳುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬು ಕಣ್ಣಿಗೆ ಸಾಧಾರಣವಾದರೂ ಆ ದೋಷದಿಂದ ಮುಕ್ತ. ಹೊಸ ರೇಡಿಯೇಟರನ್ನು ಬಿಸಿ ನೀರಿನಿಂದ ಕುಲುಕಿ ತೊಳೆಯದೆ ಜೋಡಿಸಿದರೆ ಬೆಸುಗೆಯ ಉಳಿಕೆ ಮೊದಲ ದಿನವೇ ಪಯಣ ಹೊರಡುತ್ತದೆ.

ಈ ಕಲೆಯ ಕೈಪಿಡಿಗಳೂ ವಿಡಿಯೊಗಳೂ ನಮಗೆ ಹೆಚ್ಚಾಗಿ ಬರುವುದು ಯುರೋಪು ಅಮೆರಿಕಗಳಿಂದ. ಅವುಗಳ ಕೋಣೆ 20ರಿಂದ 25 ಡಿಗ್ರಿಯದು. ಪ್ರತಿ 120 ಮಿಲಿಮೀಟರ್ ರೇಡಿಯೇಟರಿಗೆ 100 ವ್ಯಾಟ್ ಎಂಬ ಬಾಯಿಲೆಕ್ಕ ಅಲ್ಲಿ ನಡೆದೀತು. ಅಲ್ಲಿ ದ್ರವ ಗಾಳಿಗಿಂತ 15 ಡಿಗ್ರಿ ಏರಿದರೂ 40ಕ್ಕೆ ನಿಲ್ಲುತ್ತದೆ. ನಮ್ಮ ಮೇ ತಿಂಗಳಲ್ಲಿ ಅದೇ ಏರಿಕೆ 53ಕ್ಕೆ ಒಯ್ಯುತ್ತದೆ. ಇಂಥ ಹಲವು ಪಂಪುಗಳಿಗೆ ತಯಾರಕರು ಹಾಕಿರುವ ಮಿತಿ 60 ಡಿಗ್ರಿ. ಪಿಇಟಿಜಿ ಗಟ್ಟಿ ಟ್ಯೂಬು ಕೂಡ ಆ ಹೊತ್ತಿಗೆ ಮೆತ್ತಗಾಗತೊಡಗುತ್ತದೆ. ಅಂದರೆ ಕಲಬುರಗಿಯ ಲೂಪಿಗೆ ಉಳಿದಿರುವ ಅಂಚು ಏಳೇ ಡಿಗ್ರಿ. ಹರಿವು ಕುಂದಿದರೆ, ಒಂದು ಫ್ಯಾನು ನಿಂತರೆ ಆ ಅಂಚು ಕರಗುತ್ತದೆ. ಆದ್ದರಿಂದ ಇಲ್ಲಿ ರೇಡಿಯೇಟರ್ ದೊಡ್ಡದಿರಬೇಕು, ಟ್ಯೂಬು ಬಿಸಿಗೆ ಜಗ್ಗದ್ದಿರಬೇಕು, ದ್ರವ 55 ದಾಟಿದರೆ ಯಂತ್ರ ತಾನಾಗಿ ನಿಲ್ಲುವ ಏರ್ಪಾಡು ಇರಬೇಕು. ಪರದೇಶದ ಕೈಪಿಡಿಯಲ್ಲಿ ಐಚ್ಛಿಕವೆಂದು ಬರೆದದ್ದು ನಮ್ಮಲ್ಲಿ ಕಡ್ಡಾಯ.

ಹಾಗೆಂದು ಬೆಚ್ಚಗಿನ ನೀರೇ ಸೋಲಿನ ಗುರುತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರಿನ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ಅದರ ಗಣನೆಯ ರ‍್ಯಾಕುಗಳಲ್ಲಿ ದ್ರವ ನೇರವಾಗಿ ಚಿಪ್ಪಿನ ಮೇಲಿನ ತಟ್ಟೆಗೇ ಹರಿಯುತ್ತದೆ. ಆ ಬಗೆಯ ವ್ಯವಸ್ಥೆಯನ್ನು 40 ಡಿಗ್ರಿವರೆಗಿನ ನೀರು ಒಳಬಂದರೂ ನಡೆಯುವಂತೆ ರೂಪಿಸಲಾಗಿದೆ. ಚಿಪ್ಪಿಗೆ ಬೇಕಾದದ್ದು ಹಿಮದ ನೀರಲ್ಲ, ತಪ್ಪದೆ ಹರಿಯುವ ನೀರು. ಅಂಥ ಯಂತ್ರಗಳಿಗೂ ಕೋಣೆಯ ಮೂಲೆಯ ಕಸ್ಟಮ್ ಲೂಪಿಗೂ ಇರುವ ನಿಜವಾದ ದೂರ ಬೆಲೆಯದಲ್ಲ, ಅಳತೆಯದು. ಅಲ್ಲಿ ದ್ರವದ ಉಷ್ಣತೆ, ಒತ್ತಡ, ಹರಿವು ಮೂರರ ಮೇಲೂ ಸದಾ ಕಣ್ಣಿಟ್ಟಿರುತ್ತಾರೆ, ದ್ರವವನ್ನು ಸೋಸುತ್ತಾರೆ, ಒಂದು ಭಾಗ ಬಿಚ್ಚಲು ಉಳಿದದ್ದನ್ನು ನಿಲ್ಲಿಸಬೇಕಾಗದಂತೆ ಜೋಡಿಸಿರುತ್ತಾರೆ. ಈ ಮೂರು ಅಭ್ಯಾಸಗಳ ಸಣ್ಣ ರೂಪ ನಮ್ಮ ಕೈಗೂ ಎಟಕುತ್ತದೆ: ಒಂದು ಮೀಟರ್, ಒಂದು ಫಿಲ್ಟರ್, ಬ್ಲಾಕಿನ ಎರಡೂ ಬದಿಗೆ ನೀರು ಚೆಲ್ಲದೆ ಬಿಚ್ಚಿಕೊಳ್ಳುವ ಕ್ವಿಕ್ ಕನೆಕ್ಟರ್.

ಊರಿನ ಧೂಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ವಿಮರ್ಶೆಯೂ ಇಲ್ಲಿ ನಿಲ್ಲದು. ತೊಗರಿಯ ರಾಶಿ, ಬೇಳೆ ಗಿರಣಿಗಳು, ಒಣಗಿದ ಎರೆಮಣ್ಣು, ಕಟ್ಟಡಗಳ ಕೆಲಸ ಎಲ್ಲ ಸೇರಿ ರೇಡಿಯೇಟರಿನ ರೆಕ್ಕೆಗಳ ನಡುವೆ ಕಂಬಳಿ ಹೊದಿಸುತ್ತವೆ. ಒಳಗೆ ಹರಿವು ಸರಿಯಿದ್ದರೂ ಹೊರಗೆ ಗಾಳಿ ನುಸುಳದು. ಹರಿವಿನ ದೋಷವೆಂದು ತೋರುವ ಎಷ್ಟೋ ಪ್ರಕರಣಗಳು ಬ್ಲೋವರ್ ಹಿಡಿದ ಹತ್ತು ನಿಮಿಷದಲ್ಲಿ ಬಗೆಹರಿಯುತ್ತವೆ. ಏರ್ ಕೂಲರಿನ ಬಗ್ಗೆಯೂ ಒಂದು ಮಾತು. ಇಲ್ಲಿನ ಒಣ ಬೇಸಿಗೆಯಲ್ಲಿ ಅದು ಕೋಣೆಯನ್ನು ಎಷ್ಟು ಡಿಗ್ರಿ ಇಳಿಸುತ್ತದೋ ದ್ರವವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಟ್ಯೂಬಿನ ಮೇಲೆ ನೀರು ಬೆವರುತ್ತದೆ ಎಂಬ ಭಯ ಬೇಡ, ಏಕೆಂದರೆ ಟ್ಯೂಬು ಸದಾ ಗಾಳಿಗಿಂತ ಬೆಚ್ಚಗಿರುತ್ತದೆ. ಕೂಲರಿನ ತುಂತುರು ನೇರವಾಗಿ ಕ್ಯಾಬಿನೆಟ್ಟಿಗೆ ಹೊಡೆಯದಂತೆ ದೂರವಿಟ್ಟರೆ ಸಾಕು. ಕರೆಂಟು ಹೋದರೆ ಪಂಪು ನಿಂತು ಚಿಪ್ ಸುಟ್ಟೀತೆಂಬ ಆತಂಕಕ್ಕೂ ಆಧಾರವಿಲ್ಲ. ಕರೆಂಟು ಹೋದಾಗ ಬಿಸಿ ಹುಟ್ಟುವುದೂ ನಿಲ್ಲುತ್ತದೆ. ಯುಪಿಎಸ್ ಬೇಕಾದದ್ದು ಮಾಡುತ್ತಿರುವ ಕೆಲಸ ಉಳಿಸಿಕೊಳ್ಳಲು.

ಹಾಗಾದರೆ ಕಲಬುರಗಿ, ಕಮಲಾಪುರಗಳಲ್ಲಿ ಈ ಪದ್ಧತಿ ಯಾರಿಗೆ ಸಲ್ಲುತ್ತದೆ? ಆಫೀಸಿನ ಕೆಲಸ, ಓದು, ಸಾಧಾರಣ ಆಟಗಳಿಗೆ ಕಂಪ್ಯೂಟರ್ ಬಳಸುವವರಿಗೆ ಖಂಡಿತ ಬೇಡ. ಪ್ರೊಸೆಸರಿನ ಮೇಲೆ ಕೂರುವ, ಎರಡು ಫ್ಯಾನಿನ ಒಳ್ಳೆಯ ಏರ್ ಕೂಲರಿನಲ್ಲಿ ಕೆಡಬಹುದಾದದ್ದು ಫ್ಯಾನು ಮಾತ್ರ, ಅದನ್ನು ಬದಲಿಸಲು ಒಂದು ಸ್ಕ್ರೂಡ್ರೈವರ್ ಸಾಕು. ತಯಾರಾಗಿ ಬರುವ ಮುಚ್ಚಿದ ಲಿಕ್ವಿಡ್ ಕೂಲರು ನಡುದಾರಿ. ಆದರೆ ಅದರ ದ್ರವ ವರ್ಷಗಳಲ್ಲಿ ಟ್ಯೂಬಿನ ಮೂಲಕವೇ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ, ಅವುಗಳಲ್ಲಿ ಹೆಚ್ಚಿನವನ್ನು ಬಿಚ್ಚಿ ತುಂಬಲು ಬಾರದು, ಕೆಟ್ಟರೆ ಇಡಿಯಾಗಿ ಎಸೆಯಬೇಕು. 450 ವ್ಯಾಟ್ ಗ್ರಾಫಿಕ್ಸ್ ಕಾರ್ಡನ್ನು ದಿನವಿಡೀ ದುಡಿಸುವವರಿಗೆ, ಸದ್ದು ಕಡಿಮೆ ಬೇಕಾದ ಸ್ಟುಡಿಯೊಗಳಿಗೆ, ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಗಳಿಗೆ ಕಸ್ಟಮ್ ಲೂಪ್ ನ್ಯಾಯವಾದ ಆಯ್ಕೆ. ಕಾಲೇಜುಗಳ ಮಾತನ್ನು ಬೇಕೆಂದೇ ಎತ್ತಿದ್ದೇನೆ. ದ್ರವ ಚಲನೆ, ಉಷ್ಣ ವರ್ಗಾವಣೆ, ಲೋಹಗಳ ಸವೆತ, ಅಳತೆ ಈ ನಾಲ್ಕೂ ಒಂದೇ ಮೇಜಿನ ಮೇಲೆ ಕಲಿಸಲು ಇದಕ್ಕಿಂತ ಅಗ್ಗದ ಸಾಧನ ಸಿಗುವುದು ಕಷ್ಟ. ಅಡಚಣೆಯನ್ನು ಬೇಕೆಂದೇ ಇಟ್ಟು ವಿದ್ಯಾರ್ಥಿಗಳಿಂದ ಹುಡುಕಿಸಿದರೆ ಪಠ್ಯದ ಸೂತ್ರಕ್ಕೆ ಜೀವ ಬರುತ್ತದೆ.

ಲೂಪ್ ಕಟ್ಟಿಕೊಡುವ ಕಸುಬುದಾರರ ಮೇಲೆ ನಾನು ಹೊರಿಸುವ ಹೊಣೆ ಇಷ್ಟು. ನೀರು ತುಂಬುವ ಮುನ್ನ ಗೇಜ್ ಇರುವ ಕೈಪಂಪಿನಿಂದ ಅರ್ಧ ಬಾರ್ ಗಾಳಿ ಹಾಕಿ, ಮುಳ್ಳು ಇಳಿಯುವುದಿಲ್ಲವೆಂದು ಗಿರಾಕಿಯ ಎದುರೇ ತೋರಿಸಲಿ. ಲೂಪಿನ ಅತಿ ಕೆಳಗಿನ ಜಾಗದಲ್ಲಿ ನೀರು ಬಸಿಯಲು ವಾಲ್ವ್ ಕೂರಿಸಲಿ. ಅದಿಲ್ಲದ ಗಟ್ಟಿ ಟ್ಯೂಬಿನ ಲೂಪ್ ಎಷ್ಟೇ ನೇರ್ಪಾಗಿ ಬಾಗಿದ್ದರೂ ಅರ್ಧ ಕೆಲಸವೇ. ಯಂತ್ರ ಒಪ್ಪಿಸುವ ದಿನ ಒಂದು ಹಾಳೆಯಲ್ಲಿ ಐದು ಅಂಕಿ ಬರೆದುಕೊಡಲಿ: ಕೋಣೆಯ ಉಷ್ಣತೆ, ಪೂರ್ಣ ಹೊರೆಯಲ್ಲಿ ದ್ರವದ ಉಷ್ಣತೆ, ಚಿಪ್ಪಿನ ಉಷ್ಣತೆ, ಹರಿವು, ಪಂಪಿನ ವೇಗ. ಮುಂದೆ ಬರುವ ಪ್ರತಿ ದೂರನ್ನೂ ಆ ಐದರ ಪಕ್ಕದಲ್ಲಿಟ್ಟು ನೋಡಿದರೆ ದೋಷ ಯಂತ್ರದ್ದೋ ಬಿಸಿಲಿನದ್ದೋ ಎಂಬುದು ಬಿಚ್ಚುವ ಮೊದಲೇ ತಿಳಿಯುತ್ತದೆ. ಇಷ್ಟು ಮಾಡಿದ ಲೂಪ್ ಕಲಬುರಗಿಯ ಮೇ ತಿಂಗಳನ್ನೂ ದಾಟುತ್ತದೆ, ತನ್ನ ಬೆಲೆಗೂ ತಕ್ಕದ್ದಾಗುತ್ತದೆ. ಅಷ್ಟನ್ನು ಕೊಡದ ಕಸುಬುದಾರನಿಗೆ ಗಿರಾಕಿ ಪೂರ್ತಿ ಹಣ ಕೊಡಬಾರದು.